ಕ್ಲೌಡ್ ರನ್: ಲೋಕಲ್‌ನಲ್ಲಿ ಓಡುವ ಜಾಂಗೋ ಕಂಟೇನರ್ ಡಿಪ್ಲಾಯ್ ಆಗ್ತಿಲ್ಲ, ‘ಪೋರ್ಟ್ 8080ರಲ್ಲಿ ಲಿಸನ್ ಆಗಲಿಲ್ಲ’ ಎರರ್

ತುಂಗಾತೀರ

ನಮಸ್ಕಾರ. ಶಾಲೆಗಳಿಗೆ ಪ್ರಮಾಣಪತ್ರದ ಪಿಡಿಎಫ್ ಮಾಡಿಕೊಡುವ ಸಣ್ಣ ವೆಬ್ ಆಪ್. ಜಾಂಗೋ 5 (ಪೈಥಾನ್ ವೆಬ್ ಫ್ರೇಮ್‌ವರ್ಕ್), ಗುನಿಕಾರ್ನ್ (ಅದನ್ನು ಓಡಿಸುವ ವೆಬ್ ಸರ್ವರ್), ಪೋಸ್ಟ್‌ಗ್ರೆಸ್ 15 (ಡೇಟಾಬೇಸ್). ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಡಾಕರ್ ಕಂಪೋಸ್ ಕೊಟ್ಟರೆ ಸರಿಯಾಗಿ ಓಡುತ್ತೆ. ಕಂಟೇನರ್ (ಆಪ್ ಮತ್ತು ಅದಕ್ಕೆ ಬೇಕಾದ್ದೆಲ್ಲ ಸೇರಿದ ಪೊಟ್ಟಣ) ಓಡಿಸುವ ಗೂಗಲ್ ಕ್ಲೌಡ್ ರನ್‌ಗೆ ಮುಂಬೈ ರೀಜನ್‌ನಲ್ಲಿ ಡಿಪ್ಲಾಯ್ ಮಾಡಿದರೆ ರಿವಿಜನ್ (ಸರ್ವಿಸ್‌ನ ಹೊಸ ಆವೃತ್ತಿ) ರೆಡಿ ಆಗ್ತಿಲ್ಲ. ಕೊಟ್ಟ ಅವಧಿಯೊಳಗೆ ಕಂಟೇನರ್ ಶುರುವಾಗಿ ಪೋರ್ಟ್ 8080ರಲ್ಲಿ ಲಿಸನ್ ಆಗಲಿಲ್ಲ ಅಂತ ಎರರ್ ಬರುತ್ತೆ.

ಡಾಕರ್‌ಫೈಲ್‌ನ ಕೊನೆ ಹೀಗಿದೆ:

`ಎಂಟ್ರಿಪಾಯಿಂಟ್ ["/ಆಪ್/ಸ್ಟಾರ್ಟ್.ಎಸ್‌ಎಚ್"]`
`ಸಿಎಂಡಿ ["ಗುನಿಕಾರ್ನ್", "--ಬೈಂಡ್", "0.0.0.0:8000", "ಕೋರ್.ಡಬ್ಲ್ಯೂಎಸ್‌ಜಿಐ"]`

ಸ್ಟಾರ್ಟ್.ಎಸ್‌ಎಚ್ ಮೊದಲು ಮೈಗ್ರೇಟ್ (ಡೇಟಾಬೇಸ್ ಟೇಬಲ್‌ಗಳನ್ನು ಕೋಡ್‌ಗೆ ಹೊಂದಿಸುವ ಕಮಾಂಡ್) ಓಡಿಸುತ್ತೆ, ಆಮೇಲೆ `ಎಕ್ಸೆಕ್ "$@"`, ಅಂದರೆ ಸಿಎಂಡಿಯಲ್ಲಿ ಕೊಟ್ಟದ್ದನ್ನು ಶುರು ಮಾಡುತ್ತೆ. ಟೈಮ್‌ಔಟ್ ಹೆಚ್ಚಿಸಬೇಕಾ? ಎಲ್ಲಿ?

ಲಾಗ್_ಮೊದಲು

ಟೈಮ್‌ಔಟ್ ಮುಟ್ಟಬೇಡಿ. ನೀವೇನೂ ಹೇಳದಿದ್ದರೆ ಸ್ಟಾರ್ಟಪ್ ಪ್ರೋಬ್ (ಕಂಟೇನರ್ ಎದ್ದಿದೆಯಾ ಅಂತ ನೋಡುವ ತಪಾಸಣೆ) ಬರೀ ಟಿಸಿಪಿ, ಅಂದರೆ ಪೋರ್ಟ್ ತೆರೆದಿದೆಯಾ ಅಂತಷ್ಟೇ ನೋಡುತ್ತೆ, ಅವಧಿ 240 ಸೆಕೆಂಡ್. ಜಾಂಗೋ ಏಳೋಕೆ ನಾಲ್ಕು ನಿಮಿಷ ಧಾರಾಳ.

ಆ ಮೆಸೇಜ್ ಏನಾಯ್ತು ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ. ಆರೇಳು ಬೇರೆ ಬೇರೆ ಕಾಯಿಲೆಗೆ ಒಂದೇ ಸಾಲು. ಕನ್ಸೋಲ್‌ನಲ್ಲಿ ಆ ಬಿದ್ದುಹೋದ ರಿವಿಜನ್ ಮೇಲೆ ಕ್ಲಿಕ್ ಮಾಡಿ, ಅದರದೇ ಲಾಗ್ಸ್ ತೆಗೆಯಿರಿ. ಸರ್ವಿಸ್‌ನ ಒಟ್ಟು ಲಾಗ್ ಬೇಡ, ಹಳೇ ರಿವಿಜನ್‌ನ ಸಾಲುಗಳು ಮಧ್ಯೆ ಬೆರೆತಿರುತ್ತವೆ. ಪ್ರೋಬ್ ಫೇಲ್ ಆದ ಸಾಲಿಗೆ ಮುಂಚೆ ಏನಿದೆ ನೋಡಿ.

ಅಲ್ಲಿ ಏನೂ ಇಲ್ಲದೆ ಪೂರ್ತಿ ನಾಲ್ಕು ನಿಮಿಷ ಮೌನವಾಗಿದ್ದರೆ ಪ್ರೋಸೆಸ್ ಬದುಕಿದೆ, ಆದರೆ ಬೇರೆ ಪೋರ್ಟ್‌ನಲ್ಲೋ ಹೊರಗಿನಿಂದ ಮುಟ್ಟಲಾಗದ 127.0.0.1ರಲ್ಲೋ ಕೂತಿದೆ, ಇಲ್ಲವೇ ಡೇಟಾಬೇಸ್‌ಗಾಗಿ ಕಾಯ್ತಾ ಇದೆ. ಎರಡೇ ಸೆಕೆಂಡ್‌ನಲ್ಲಿ ಸತ್ತಿದ್ದರೆ ಎಕ್ಸಿಟ್ ಕೋಡ್ ನೋಡಿ. 127 ಅಂದರೆ ಕಮಾಂಡ್ ಸಿಗಲಿಲ್ಲ. 126 ಅಂದರೆ ಫೈಲ್ ಇದೆ, ಓಡಿಸೋ ಅನುಮತಿ ಇಲ್ಲ. 137 ಅಂದರೆ 128 ಕೂಡಿಸು 9, ಸಿಗ್‌ಕಿಲ್ (ಬಲವಂತವಾಗಿ ನಿಲ್ಲಿಸುವ ಸಂಕೇತ), ಹೆಚ್ಚಿನ ಸಲ ಮೆಮೊರಿ ಸಾಲದ್ದಕ್ಕೆ. 1 ಬಂದರೆ ಪೈಥಾನ್ ಎಕ್ಸೆಪ್ಶನ್, ಟ್ರೇಸ್‌ಬ್ಯಾಕ್ ಪಕ್ಕದಲ್ಲೇ ಇರಬೇಕು.

`ಪೈಥಾನ್‌ಅನ್‌ಬಫರ್ಡ್=1` ಎನ್ವಿರಾನ್‌ಮೆಂಟ್‌ನಲ್ಲಿ ಇಲ್ಲದಿದ್ದರೆ ಈಗಲೇ ಹಾಕಿ. ಇಲ್ಲಾಂದ್ರೆ ಪ್ರಿಂಟ್ ಮಾಡಿದ್ದು ಬಫರ್‌ನಲ್ಲೇ ಉಳಿದು ಪ್ರೋಸೆಸ್ ಜೊತೆಗೇ ಹೋಗಬಹುದು.

ತುಂಗಾತೀರ

ಲಾಗ್‌ನಲ್ಲಿ ಇದೊಂದೇ ಸಾಲು: `ಎಕ್ಸೆಕ್ /ಆಪ್/ಸ್ಟಾರ್ಟ್.ಎಸ್‌ಎಚ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ`. ಆದರೆ ಇಮೇಜ್ ಒಳಗೆ ಹೋಗಿ ಎಲ್‌ಎಸ್ ಕೊಟ್ಟರೆ ಫೈಲ್ ಅಲ್ಲೇ ಇದೆ!

ಕಂಟೇನರ್_ಕಾಕಾ

ಫೈಲ್ ಐತಿ ತಮ್ಮಾ, ಆದ್ರ ಅದರ ಮೊದಲನೇ ಸಾಲು ಹೇಳೋ ಇಂಟರ್‌ಪ್ರಿಟರ್ (ಸ್ಕ್ರಿಪ್ಟ್ ಓಡಿಸೋ ಪ್ರೋಗ್ರಾಮ್) ಇಲ್ಲ. ವಿಂಡೋಸ್ ಅಂದ್ರಿ, ಅಲ್ಲೇ ತಿಳೀತು. ಗಿಟ್ ಚೆಕ್‌ಔಟ್ ಮಾಡುವಾಗ ಸಾಲಿನ ಕೊನೆಗೆ ಸಿಆರ್‌ಎಲ್‌ಎಫ್ (ವಿಂಡೋಸ್ ಹಾಕೋ ಎರಡು ಕಾಣದ ಅಕ್ಷರ, ಲಿನಕ್ಸ್‌ಗೆ ಎಲ್‌ಎಫ್ ಒಂದ ಸಾಕು) ಸೇರಸೇತಿ. ಲಿನಕ್ಸ್ ಕರ್ನಲ್ `/ಬಿನ್/ಎಸ್‌ಎಚ್` ಹುಡುಕೋ ಬದಲಿ ಕೊನೆಗೊಂದು ಕಾಣದ `\ಆರ್` ಅಂಟಿಕೊಂಡ ಹೆಸರು ಹುಡಕತೈತಿ. ಅಂಥ ಫೈಲ್ ಎಲ್ಲಿಂದ ಬರಬೇಕು?

`ಕ್ಯಾಟ್ -ಎ ಸ್ಟಾರ್ಟ್.ಎಸ್‌ಎಚ್` ಕೊಟ್ಟು ನೋಡ್ರಿ. ಸಾಲಿನ ಕೊನೆಗೆ ಬರೀ `$` ಇದ್ರ ಚೊಲೋ, `^ಎಂ$` ಕಂಡ್ರ ಅದ ಕಳ್ಳ. ಕಾಯಂ ಪರಿಹಾರ ರೆಪೊ ಒಳಗ `.ಗಿಟ್‌ಆಟ್ರಿಬ್ಯೂಟ್ಸ್` ಅಂತ ಫೈಲ್ ಮಾಡಿ `*.ಎಸ್‌ಎಚ್ ಟೆಕ್ಸ್ಟ್ ಇಒಎಲ್=ಎಲ್‌ಎಫ್` ಬರಿಯೋದು, ಆಮ್ಯಾಲೆ `ಗಿಟ್ ಆಡ್ --ರೀನಾರ್ಮಲೈಸ್ .` ಕೊಟ್ಟು ಕಮಿಟ್ ಮಾಡೋದು. ನಿಮ್ಮ ಫೋಲ್ಡರ್‌ನಾಗಿನ ಹಳೇ ಫೈಲ್ ಅಳಿಸಿ ಮತ್ತ ಚೆಕ್‌ಔಟ್ ಮಾಡ್ರಿ, ಇಲ್ಲಂದ್ರ ಬಿಲ್ಡ್ ಅದನ್ನ ಎತ್ತಿಕೊಂಡು ಹೋಗತೈತಿ. ಓಡಿಸೋ ಬಿಟ್ ಸಲುವಾಗಿ `ಗಿಟ್ ಅಪ್‌ಡೇಟ್-ಇಂಡೆಕ್ಸ್ --ಚ್‌ಮಾಡ್=+ಎಕ್ಸ್ ಸ್ಟಾರ್ಟ್.ಎಸ್‌ಎಚ್` ಸುದ್ದಾ ಮಾಡಿಬಿಡ್ರಿ.

ಕಂಪೋಸ್‌ನಾಗ ಯಾಕ ಓಡತಿತ್ತು? ಬಹುಶಃ ಕಂಪೋಸ್ ಫೈಲ್‌ನಾಗ ಎಂಟ್ರಿಪಾಯಿಂಟ್ ಬ್ಯಾರೆ ಕೊಟ್ಟು ರನ್‌ಸರ್ವರ್ (ಜಾಂಗೋದ ಪರೀಕ್ಷೆ ಸರ್ವರ್) ಎಬ್ಬಿಸಿರ್ತೀರಿ. ಹಂಗಿದ್ರ ಈ ಸ್ಕ್ರಿಪ್ಟ್ ಲೋಕಲ್‌ನಾಗ ಒಮ್ಮೆಯೂ ಓಡಿಲ್ಲ. ಕ್ಲೌಡಿಗೆ ಕಳಸೋ ಮುಂಚೆ ಇಮೇಜ್ ನೇರ ಓಡಿಸ್ರಿ:

`ಡಾಕರ್ ರನ್ --ಆರ್‌ಎಂ -ಇ ಪೋರ್ಟ್=8080 -ಪಿ 9090:8080 ಇಮೇಜ್‌ಹೆಸರು`

ವಾಲ್ಯೂಮ್ ಮೌಂಟ್ ಬ್ಯಾಡ. ಮೌಂಟ್ ಮಾಡಿದ್ರ ಇಮೇಜ್ ಒಳಗಿನ ಕೋಡ್ ಅಲ್ಲ, ಲ್ಯಾಪ್‌ಟಾಪ್‌ನಾಗಿನ ಕೋಡ್ ಓಡತೈತಿ. ಬ್ರೌಸರ್‌ನಾಗ 9090 ತೆರೀತಂದ್ರ ಅರ್ಧ ಕೆಲಸ ಮುಗೀತು.

ಗಿಣಿಹಸಿರು

ನನಗೂ ಅದೇ ಪೋರ್ಟ್ ಮೆಸೇಜ್, ಆದ್ರೆ ಲಾಗ್‌ನಲ್ಲಿ `ಎಕ್ಸೆಕ್ ಫಾರ್ಮ್ಯಾಟ್ ಎರರ್` ಅಂತಿದೆ. ಎಂ3 ಮ್ಯಾಕ್. ಇದೂ ಸಿಆರ್‌ಎಲ್‌ಎಫ್ಫಾ?

ಕಡಲಕರೆ

ಅಲ್ಲ ಮಾರಾಯ್ರೆ, ಅದು ಪ್ರೊಸೆಸರ್‌ದು. ಎಂ ಸರಣಿಯ ಮ್ಯಾಕ್‌ನಲ್ಲಿ ಬಿಲ್ಡ್ ಮಾಡಿದ ಇಮೇಜ್ ಎಆರ್‌ಎಂ64 (ಮ್ಯಾಕ್‌ನ ಪ್ರೊಸೆಸರ್ ಬಗೆ) ಆಗ್ತದೆ, ಕ್ಲೌಡ್ ರನ್‌ಗೆ ಬೇಕಾದ್ದು ಎಎಂಡಿ64 (ಇಂಟೆಲ್, ಎಎಂಡಿ ಪ್ರೊಸೆಸರ್ ಬಗೆ). `ಡಾಕರ್ ಬಿಲ್ಡ್ --ಪ್ಲಾಟ್‌ಫಾರ್ಮ್ ಲಿನಕ್ಸ್/ಎಎಂಡಿ64` ಹಾಕಿ ಪುನಃ ಬಿಲ್ಡ್ ಮಾಡಿ ಪುಶ್ ಮಾಡಿ. ಪುಶ್ ಮಾಡುವ ಮೊದಲು `ಡಾಕರ್ ಇಮೇಜ್ ಇನ್‌ಸ್ಪೆಕ್ಟ್` ಕೊಟ್ಟು ಆರ್ಕಿಟೆಕ್ಚರ್ ಎಂತ ಉಂಟು ನೋಡಿ. ಬಿಲ್ಡ್‌ಎಕ್ಸ್ (ಡಾಕರ್‌ನ ಬಿಲ್ಡ್ ಸಾಧನ) ಕೆಲವು ಸಲ ಇಮೇಜನ್ನು ಇಂಡೆಕ್ಸ್ ರೂಪದಲ್ಲಿ (ಯಾವ ಪ್ರೊಸೆಸರ್‌ಗೆ ಯಾವ ಇಮೇಜ್ ಎಂಬ ಪಟ್ಟಿ) ಪುಶ್ ಮಾಡ್ತದೆ. ಆಗ ಕಂಟೇನರ್ ಏಳುವ ಹಂತಕ್ಕೇ ಬರುವುದಿಲ್ಲ, ‘ಎಎಂಡಿ64/ಲಿನಕ್ಸ್ ಬೆಂಬಲ ಇರಬೇಕು’ ಎಂದು ಡಿಪ್ಲಾಯ್‌ನಲ್ಲೇ ತಿರುಗಿಸಿ ಕಳಿಸ್ತದೆ. ರೋಗ ಒಂದೇ, ಮುಖ ಎರಡು.

ಎಮ್ಯುಲೇಶನ್‌ನಲ್ಲಿ (ಒಂದು ಪ್ರೊಸೆಸರ್ ಇನ್ನೊಂದರ ಹಾಗೆ ನಟಿಸುವುದು) ಬಿಲ್ಡ್ ತುಂಬ ನಿಧಾನ, ಸಿ ಲೈಬ್ರರಿ ಕಂಪೈಲ್ ಇದ್ದರಂತೂ ಕೇಳುವುದೇ ಬೇಡ. `ಜಿಕ್ಲೌಡ್ ಬಿಲ್ಡ್ಸ್ ಸಬ್‌ಮಿಟ್ --ಟ್ಯಾಗ್` ಕೊಟ್ಟರೆ ಬಿಲ್ಡ್ ಗೂಗಲ್ ಕ್ಲೌಡ್‌ನಲ್ಲಿಯೇ ಆಗ್ತದೆ, ಈ ತಲೆಬಿಸಿಯೇ ಇಲ್ಲ. ಟ್ಯಾಗ್ `ಏಷ್ಯಾ-ಸೌತ್1-ಡಾಕರ್.ಪಿಕೆಜಿ.ಡೆವ್/` ಎಂದು ಶುರುವಾಗಲಿ. ಹಳೇ ಬ್ಲಾಗ್ ನೋಡಿ `ಜಿಸಿಆರ್.ಐಒ` ಹಾಕುವವರು ಇನ್ನೂ ಇದ್ದಾರೆ. ಇಮೇಜ್ ಇಡುವ ಹಳೇ ಜಾಗ ಕಂಟೇನರ್ ರಿಜಿಸ್ಟ್ರಿ 2025ರ ಮಾರ್ಚ್‌ನಲ್ಲಿ ಮುಚ್ಚಿತು, ಈಗ ಆರ್ಟಿಫ್ಯಾಕ್ಟ್ ರಿಜಿಸ್ಟ್ರಿ.

ತುಂಗಾತೀರ

ಕಾಕಾ, `^ಎಂ$` ಸಿಕ್ಕಿತು, ತೆಗೆದೆ. 8000 ಬದಲು `"0.0.0.0:$ಪೋರ್ಟ್"` ಅಂತ ಬರೆದೆ. ಈಗ ಗುನಿಕಾರ್ನ್ ಹೇಳ್ತಿದೆ: `'$ಪೋರ್ಟ್' ಈಸ್ ನಾಟ್ ಎ ವ್ಯಾಲಿಡ್ ಪೋರ್ಟ್ ನಂಬರ್`.

ಲಾಗ್_ಮೊದಲು

ಚೌಕ ಆವರಣದ ಸಿಎಂಡಿಯಲ್ಲಿ ಶೆಲ್ ಇರಲ್ಲ ಗುರು, `$ಪೋರ್ಟ್` ಜಾಗಕ್ಕೆ ನಿಜವಾದ ಸಂಖ್ಯೆ ತುಂಬೋರು ಯಾರೂ ಇಲ್ಲ. ಆವರಣ ತೆಗೆದು ಹೀಗೆ ಬರೀರಿ:

`ಸಿಎಂಡಿ ಎಕ್ಸೆಕ್ ಗುನಿಕಾರ್ನ್ --ಬೈಂಡ್ 0.0.0.0:$ಪೋರ್ಟ್ --ವರ್ಕರ್ಸ್ 1 --ಥ್ರೆಡ್ಸ್ 8 --ಟೈಮ್‌ಔಟ್ 0 ಕೋರ್.ಡಬ್ಲ್ಯೂಎಸ್‌ಜಿಐ`

ಎಕ್ಸೆಕ್ ಬಿಡಬೇಡಿ. ಬಿಟ್ಟರೆ ಪಿಐಡಿ 1 (ಕಂಟೇನರ್‌ನ ಮೊದಲ ಪ್ರೋಸೆಸ್) ಶೆಲ್ ಆಗಬಹುದು, ಸಿಗ್‌ಟರ್ಮ್ (‘ಕೆಲಸ ಮುಗಿಸಿ ನಿಲ್ಲು’ ಅನ್ನೋ ಸಂಕೇತ) ಗುನಿಕಾರ್ನ್‌ಗೆ ತಲುಪಲ್ಲ. ಇನ್‌ಸ್ಟೆನ್ಸ್ (ಓಡುತ್ತಿರುವ ಕಂಟೇನರ್ ಪ್ರತಿ) ಮುಚ್ಚುವಾಗ ಕ್ಲೌಡ್ ರನ್ ಸಿಗ್‌ಟರ್ಮ್ ಕಳಿಸಿ 10 ಸೆಕೆಂಡ್ ಕಾಯುತ್ತೆ, ಆಮೇಲೆ ನೇರ ಸಿಗ್‌ಕಿಲ್.

ಎಸ್‌ಆರ್‌ಇ_ಅಕ್ಕ

ಇನ್ನೂ ಸುಲಭದ ದಾರಿ: `--ಬೈಂಡ್` ಪೂರ್ತಿ ತೆಗೆದುಬಿಡಿ. ಎನ್ವಿರಾನ್‌ಮೆಂಟ್‌ನಲ್ಲಿ ಪೋರ್ಟ್ ಅನ್ನೋ ವೇರಿಯಬಲ್ ಇದ್ದರೆ ಗುನಿಕಾರ್ನ್ ತಾನಾಗಿ 0.0.0.0 ಮತ್ತು ಆ ಪೋರ್ಟ್ ಹಿಡಿಯುತ್ತೆ. ಅದು ಇಲ್ಲದಾಗ ಮಾತ್ರ 127.0.0.1:8000. ಹಾಗೆ ಮಾಡಿದರೆ ಆವರಣದ ರೂಪವನ್ನೇ ಉಳಿಸಿಕೊಳ್ಳಬಹುದು, ನಿಮ್ಮ ಸ್ಟಾರ್ಟ್.ಎಸ್‌ಎಚ್‌ನ `ಎಕ್ಸೆಕ್ "$@"` ಕೂಡ ಸರಿಯಾಗಿ ಕೆಲಸ ಮಾಡುತ್ತೆ. ಎಂಟ್ರಿಪಾಯಿಂಟ್ ಇದ್ದಾಗ ಶೆಲ್ ರೂಪದ ಸಿಎಂಡಿ ಹಾಕಿದರೆ ಅದು ಎಂಟ್ರಿಪಾಯಿಂಟ್‌ಗೆ `/ಬಿನ್/ಎಸ್‌ಎಚ್ -ಸಿ` ಸಮೇತ ಆರ್ಗ್ಯುಮೆಂಟ್ ಆಗಿ ಹೋಗುತ್ತೆ. ಓಡುತ್ತೆ, ಆದರೆ ಓದುವವರಿಗೆ ಗೊಂದಲ.

ತುಂಗಾತೀರ

ಬೈಂಡ್ ತೆಗೆದೆ, ಪೋರ್ಟ್ ಸಮಸ್ಯೆ ಹೋಯ್ತು. ಈಗ ಮೈಗ್ರೇಟ್ ಹಂತದಲ್ಲಿ ಬೀಳ್ತಿದೆ: `/ಕ್ಲೌಡ್‌ಎಸ್‌ಕ್ಯೂಎಲ್/…/.ಎಸ್.ಪಿಜಿಎಸ್‌ಕ್ಯೂಎಲ್.5432` ಸಾಕೆಟ್‌ಗೆ (ಡೇಟಾಬೇಸ್ ಜೊತೆ ಮಾತಾಡುವ ಫೈಲ್) ಕನೆಕ್ಷನ್ ಫೇಲ್, ನೋ ಸಚ್ ಫೈಲ್.

ಎಸ್‌ಆರ್‌ಇ_ಅಕ್ಕ

ಸಾಕೆಟ್ ಫೈಲೇ ಇಲ್ಲ ಅಂದರೆ ಕ್ಲೌಡ್ ಎಸ್‌ಕ್ಯೂಎಲ್ (ಗೂಗಲ್ ನಡೆಸುವ ಡೇಟಾಬೇಸ್ ಸೇವೆ) ಇನ್‌ಸ್ಟೆನ್ಸನ್ನು ಸರ್ವಿಸ್‌ಗೆ ಜೋಡಿಸಿಲ್ಲ, ಅಥವಾ ಹೆಸರು ತಪ್ಪಿದೆ. ಡಿಪ್ಲಾಯ್ ಕಮಾಂಡ್‌ಗೆ `--ಆಡ್-ಕ್ಲೌಡ್‌ಎಸ್‌ಕ್ಯೂಎಲ್-ಇನ್‌ಸ್ಟೆನ್ಸಸ್` ಕೊಡಿ. ಹೆಸರು ಪ್ರಾಜೆಕ್ಟ್, ರೀಜನ್, ಇನ್‌ಸ್ಟೆನ್ಸ್ ಮೂರನ್ನೂ ಕೋಲನ್‌ನಿಂದ ಸೇರಿಸಿ ಬರೆದದ್ದು. ಜಾಂಗೋ ಸೆಟ್ಟಿಂಗ್ಸ್‌ನಲ್ಲಿ ಹೋಸ್ಟ್ ಜಾಗಕ್ಕೆ `/ಕ್ಲೌಡ್‌ಎಸ್‌ಕ್ಯೂಎಲ್/` ಹಿಂದೆ ಅದೇ ಹೆಸರು, ಪೋರ್ಟ್ ಖಾಲಿ. ಕೊನೆಯ `.ಎಸ್.ಪಿಜಿಎಸ್‌ಕ್ಯೂಎಲ್.5432` ಭಾಗ ನೀವು ಬರೆಯಬಾರದು, ಲೈಬ್ರರಿ ಸೇರಿಸಿಕೊಳ್ಳುತ್ತೆ. ಲಿನಕ್ಸ್‌ನಲ್ಲಿ ಸಾಕೆಟ್‌ನ ದಾರಿ 108 ಅಕ್ಷರ ಮೀರುವ ಹಾಗಿಲ್ಲ, ಪ್ರಾಜೆಕ್ಟ್‌ಗೆ ಉದ್ದುದ್ದ ಹೆಸರಿಟ್ಟವರು ಎಣಿಸಿ ನೋಡಿ.

ಜೋಡಿಸಿದ ಮೇಲೂ ‘ಕನೆಕ್ಷನ್ ರಿಫ್ಯೂಸ್ಡ್’ ಬಂದರೆ ಅದು ಅನುಮತಿಯ ಪ್ರಶ್ನೆ, ಲಾಗ್‌ನಲ್ಲಿ ಹತ್ತಿರದಲ್ಲೇ 403 ಸಾಲು ಇರುತ್ತೆ. ಸರ್ವಿಸ್ ಓಡುವ ಸರ್ವಿಸ್ ಅಕೌಂಟ್‌ಗೆ (ಮನುಷ್ಯರ ಬದಲು ಆಪ್ ಬಳಸುವ ಖಾತೆ) ಕ್ಲೌಡ್ ಎಸ್‌ಕ್ಯೂಎಲ್ ಕ್ಲೈಂಟ್ ರೋಲ್ ಬೇಕು, ಪ್ರಾಜೆಕ್ಟ್‌ನಲ್ಲಿ ಕ್ಲೌಡ್ ಎಸ್‌ಕ್ಯೂಎಲ್ ಅಡ್ಮಿನ್ ಎಪಿಐ ಆನ್ ಇರಬೇಕು. ಹಳೇ ಪ್ರಾಜೆಕ್ಟ್‌ಗಳಲ್ಲಿ ಡಿಫಾಲ್ಟ್ ಅಕೌಂಟ್‌ಗೆ ಎಡಿಟರ್ ರೋಲ್ ಇರ್ತಿತ್ತು, ಯಾರಿಗೂ ಇದು ತಟ್ಟುತ್ತಿರಲಿಲ್ಲ. ಹೊಸ ಆರ್ಗನೈಸೇಶನ್‌ಗಳಲ್ಲಿ ಅದು ತಾನಾಗಿ ಸಿಗಲ್ಲ. ಸರ್ವಿಸ್‌ಗೇ ಅಂತ ಬೇರೆ ಅಕೌಂಟ್ ಮಾಡಿ, ಬೇಕಾದ ರೋಲ್ ಮಾತ್ರ ಕೊಡಿ.

ಇನ್ನೊಂದು, ಮೈಗ್ರೇಟನ್ನು ಸ್ಟಾರ್ಟ್.ಎಸ್‌ಎಚ್‌ನಿಂದ ಹೊರಗೆ ತೆಗೆಯಿರಿ.

ಕಡಲಕರೆ

ಸಣ್ಣ ಆಪ್ ಅಲ್ವಾ ಅಕ್ಕ, ಇದ್ದರೆ ಎಂತ ತೊಂದರೆ? ಮ್ಯಾಕ್ಸ್ ಇನ್‌ಸ್ಟೆನ್ಸ್ 1 ಇಟ್ಟರೆ ಆಯ್ತಲ್ಲ.

ಎಸ್‌ಆರ್‌ಇ_ಅಕ್ಕ

ಒಂದು ಅಂತ ಇಟ್ಟರೂ ಹೊಸ ರಿವಿಜನ್ ಏಳುವಾಗ ಹಳೇದು ಇನ್ನೂ ಓಡ್ತಿರುತ್ತೆ. ಎರಡು ಇನ್‌ಸ್ಟೆನ್ಸ್ ಒಟ್ಟಿಗೆ ಎದ್ದರೆ ಎರಡೂ ಮೈಗ್ರೇಟ್ ಶುರು ಮಾಡುತ್ತವೆ. ಜಾಂಗೋ ಮೈಗ್ರೇಟ್‌ಗೆ ‘ಒಬ್ಬರು ಮಾಡ್ತಿದ್ದಾರೆ, ನೀನು ನಿಲ್ಲು’ ಅನ್ನುವ ಬೀಗ ಇಲ್ಲ. ಒಂದು ಟೇಬಲ್ ಸೇರಿಸಿ ಮುಗಿಸುತ್ತೆ, ಇನ್ನೊಂದು ‘ಆಲ್ರೆಡಿ ಎಗ್ಸಿಸ್ಟ್ಸ್’ ಅಂತ ಸಾಯುತ್ತೆ. ಅದಕ್ಕಿಂತ ದೊಡ್ಡ ಕಿರಿಕಿರಿ ಬೇರೆ ಇದೆ. ಸೊನ್ನೆಯಿಂದ ಎದ್ದು ಬರುವ ಪ್ರತಿ ಕೋಲ್ಡ್ ಸ್ಟಾರ್ಟ್‌ನಲ್ಲೂ ಮಾಡುವ ಕೆಲಸವಿಲ್ಲದಿದ್ದರೂ ಮೈಗ್ರೇಟ್ ಜಾಂಗೋ ಪೂರ್ತಿ ಲೋಡ್ ಮಾಡಿ, ಡೇಟಾಬೇಸ್ ಮುಟ್ಟಿ ಬರುತ್ತೆ. ಬಳಕೆದಾರರು ಖಾಲಿ ಪರದೆ ನೋಡ್ತಾ ಕೂತಿರ್ತಾರೆ.

ಅದೇ ಇಮೇಜ್‌ನಿಂದ ಕ್ಲೌಡ್ ರನ್ ಜಾಬ್ (ಓಡಿ ಮುಗಿದು ನಿಲ್ಲುವ ಕೆಲಸ) ಮಾಡಿ: ಕಮಾಂಡ್ `ಪೈಥಾನ್`, ಆರ್ಗ್ಸ್ `ಮ್ಯಾನೇಜ್.ಪಿವೈ,ಮೈಗ್ರೇಟ್`. ಸರ್ವಿಸ್‌ನ ಹಾಗೇ ಜಾಬ್‌ಗೂ ಡೇಟಾಬೇಸ್ ಜೋಡಣೆ, ಸೀಕ್ರೆಟ್, ಸರ್ವಿಸ್ ಅಕೌಂಟ್ ಪ್ರತ್ಯೇಕವಾಗಿ ಕೊಡಬೇಕು, ಇದು ಮರೆತುಹೋಗುವ ಜಾಗ. ಪ್ರತಿ ಡಿಪ್ಲಾಯ್‌ನಲ್ಲಿ ಮೊದಲು ಜಾಬ್‌ನ ಇಮೇಜ್ ಅಪ್‌ಡೇಟ್, ನಂತರ `ಜಿಕ್ಲೌಡ್ ರನ್ ಜಾಬ್ಸ್ ಎಗ್ಸಿಕ್ಯೂಟ್ ಮೈಗ್ರೇಟ್ --ವೇಟ್`, ಅದು ಸೊನ್ನೆ ಕೋಡ್‌ನಲ್ಲಿ ಮುಗಿದರೆ ಮಾತ್ರ ಸರ್ವಿಸ್ ಡಿಪ್ಲಾಯ್. ಕಾಲಮ್ ಅಳಿಸುವುದಿದ್ದರೆ ಎರಡು ಸಲಕ್ಕೆ ಮಾಡಿ. ಮೊದಲ ಬಿಡುಗಡೆಯಲ್ಲಿ ಕೋಡ್ ಅದನ್ನು ಬಳಸುವುದು ನಿಲ್ಲಲಿ, ಮುಂದಿನದರಲ್ಲಿ ಅಳಿಸಿ.

ಕಡಲಕರೆ

ಕೋಲ್ಡ್ ಸ್ಟಾರ್ಟ್ ಮಾತು ಒಪ್ಪಿದೆ. ಜಾಬ್ ಒಳ್ಳೆಯದು.

ತುಂಗಾತೀರ

ಜಾಬ್ ಮಾಡಿದೆ. ಈಗ `ಪಾಸ್‌ವರ್ಡ್ ಆಥೆಂಟಿಕೇಶನ್ ಫೇಲ್ಡ್`. ಅದೇ ಪಾಸ್‌ವರ್ಡ್ ಲ್ಯಾಪ್‌ಟಾಪ್‌ನಿಂದ ಕ್ಲೌಡ್ ಎಸ್‌ಕ್ಯೂಎಲ್ ಪ್ರಾಕ್ಸಿ ಮೂಲಕ ಕೊಟ್ಟರೆ ಒಳಗೆ ಬಿಡುತ್ತೆ. ಸೀಕ್ರೆಟ್ ಮ್ಯಾನೇಜರ್‌ಗೆ (ಪಾಸ್‌ವರ್ಡ್‌ನಂಥ ಗುಟ್ಟು ಇಡುವ ಗೂಗಲ್ ಸೇವೆ) ಅದನ್ನು ಎಕೋ ಪೈಪ್ ಮಾಡಿ ಹಾಕಿದ್ದು.

ಕಂಟೇನರ್_ಕಾಕಾ

ಎಕೋ ಕೊನೆಗೆ ಹೊಸಸಾಲು ಸೇರಸತೈತಿ, ಈಗ ಅದೂ ಪಾಸ್‌ವರ್ಡಿನ ಭಾಗ. `ಜಿಕ್ಲೌಡ್ ಸೀಕ್ರೆಟ್ಸ್ ವರ್ಶನ್ಸ್ ಆಕ್ಸೆಸ್ ಲೇಟೆಸ್ಟ್ --ಸೀಕ್ರೆಟ್=ಹೆಸರು | ಡಬ್ಲ್ಯೂಸಿ -ಸಿ` ಕೊಡ್ರಿ. ಪಾಸ್‌ವರ್ಡ್ 16 ಅಕ್ಷರ ಇದ್ದು 17 ತೋರಿಸಿದ್ರ ಅದ. `ಪ್ರಿಂಟ್‌ಎಫ್ '%ಎಸ್'` ಬಳಸಿ ಹೊಸ ವರ್ಶನ್ ಹಾಕ್ರಿ. ವಿಂಡೋಸ್ ಪವರ್‌ಶೆಲ್‌ನಿಂದ ಪೈಪ್ ಮಾಡಿದ್ರ ಸಿಆರ್, ಎಲ್‌ಎಫ್ ಎರಡೂ ಸೇರಿ 18 ಆಗಬಹುದು, ಅದಕ್ಕ ಕ್ಲೌಡ್ ಶೆಲ್‌ನಿಂದಲೇ ಮಾಡೋದು ಚೊಲೋ.

ಸೀಕ್ರೆಟ್ ಎನ್ವಿರಾನ್‌ಮೆಂಟ್ ವೇರಿಯಬಲ್ ಆಗಿ ಕೊಟ್ಟಿದ್ರ ಇನ್‌ಸ್ಟೆನ್ಸ್ ಏಳುವಾಗ ಒಮ್ಮೆ ಓದತೈತಿ, ಅಷ್ಟ. ಹೊಸ ವರ್ಶನ್ ಹಾಕಿದ ಮ್ಯಾಲೆ ಹೊಸ ರಿವಿಜನ್ ಮಾಡ್ರಿ, ಹಳೇ ಇನ್‌ಸ್ಟೆನ್ಸ್‌ಗೆ ಸುದ್ದಿ ಮುಟ್ಟೂದಿಲ್ಲ.

ಪಾಸ್‌ವರ್ಡನ್ನ ಡೇಟಾಬೇಸ್ ಯುಆರ್‌ಎಲ್ ಒಳಗ ತುರುಕಿದ್ರ ಇನ್ನೊಂದು ಗುಂಡಿ ಐತಿ. `@` ಇದ್ರ `%40`, `#` ಇದ್ರ `%23` ಅಂತ ಬರೀಬೇಕು.

ತುಂಗಾತೀರ

17 ಅಂತಲೇ ಬಂತು! ಈಗ ಮೈಗ್ರೇಟ್ ಆಯ್ತು, ಸರ್ವಿಸ್ ಹಸಿರು. ಆದರೆ ಮುಖಪುಟಕ್ಕೆ 400. ಅಲೌಡ್ ಹೋಸ್ಟ್ಸ್‌ಗೆ (ಜಾಂಗೋ ಒಪ್ಪುವ ಸೈಟ್ ಹೆಸರುಗಳ ಪಟ್ಟಿ) `*` ಹಾಕಿ ನೋಡಿದರೆ ಲಾಗಿನ್ ಫಾರ್ಮ್‌ಗೆ 403, ಅಡ್ಮಿನ್ ಪುಟಕ್ಕೆ 500. 500ಕ್ಕೆ ಲಾಗ್‌ನಲ್ಲಿ ಟ್ರೇಸ್‌ಬ್ಯಾಕೇ ಇಲ್ಲ.

ಎಸ್‌ಆರ್‌ಇ_ಅಕ್ಕ

ಟ್ರೇಸ್‌ಬ್ಯಾಕ್ ಮೊದಲು. ಡೀಬಗ್ ಫಾಲ್ಸ್ ಆದಾಗ ಜಾಂಗೋದ ಡಿಫಾಲ್ಟ್ ಲಾಗಿಂಗ್ ಎರರ್‌ಗಳನ್ನು ಅಡ್ಮಿನ್‌ಗಳಿಗೆ ಇಮೇಲ್ ಮಾಡಲು ನೋಡುತ್ತೆ, ಕನ್ಸೋಲ್‌ಗೆ ಬರೆಯಲ್ಲ. ಸೆಟ್ಟಿಂಗ್ಸ್‌ನ ಲಾಗಿಂಗ್ ಡಿಕ್ಷನರಿಯಲ್ಲಿ ಒಂದು ಸ್ಟ್ರೀಮ್‌ಹ್ಯಾಂಡ್ಲರ್ ಇಟ್ಟು ರೂಟ್ ಲಾಗರ್‌ಗೆ ವಾರ್ನಿಂಗ್ ಮಟ್ಟದಲ್ಲಿ ಜೋಡಿಸಿ. ಮುಂದಿನ 500ಕ್ಕೆ ಕಾರಣ ಕಣ್ಣೆದುರೇ ಇರುತ್ತೆ. ನನ್ನ ಊಹೆ, ‘ಮಿಸ್ಸಿಂಗ್ ಸ್ಟ್ಯಾಟಿಕ್‌ಫೈಲ್ಸ್ ಮ್ಯಾನಿಫೆಸ್ಟ್ ಎಂಟ್ರಿ’. ಸಿಎಸ್‌ಎಸ್, ಚಿತ್ರದಂಥ ಸ್ಟ್ಯಾಟಿಕ್ ಫೈಲ್ ಕೊಡುವ ವೈಟ್‌ನಾಯ್ಸ್‌ನ ಮ್ಯಾನಿಫೆಸ್ಟ್ ಸ್ಟೋರೇಜ್ ಇಟ್ಟು ಇಮೇಜ್ ಬಿಲ್ಡ್‌ನಲ್ಲಿ ಕಲೆಕ್ಟ್‌ಸ್ಟ್ಯಾಟಿಕ್ (ಆ ಫೈಲ್‌ಗಳನ್ನು ಒಂದೆಡೆ ಸೇರಿಸುವ ಕಮಾಂಡ್) ಓಡಿಸದಿದ್ದರೆ ಹಾಗೆ ಆಗುತ್ತೆ. ಡಾಕರ್‌ಫೈಲ್‌ನಲ್ಲಿ `ರನ್ ಸೀಕ್ರೆಟ್_ಕೀ=ಬಿಲ್ಡ್‌ಗೆ_ಮಾತ್ರ ಪೈಥಾನ್ ಮ್ಯಾನೇಜ್.ಪಿವೈ ಕಲೆಕ್ಟ್‌ಸ್ಟ್ಯಾಟಿಕ್ --ನೋಇನ್‌ಪುಟ್` ಸೇರಿಸಿ. ನಿಜವಾದ ಕೀ ಅಲ್ಲಿ ಬೇಡವೇ ಬೇಡ, ಇಮೇಜ್ ಹಿಸ್ಟರಿಯಲ್ಲಿ ಉಳಿದುಬಿಡುತ್ತೆ.

ಅಲೌಡ್ ಹೋಸ್ಟ್ಸ್‌ನಲ್ಲಿ `*` ಬಿಡಬೇಡಿ, ಸರ್ವಿಸ್‌ನ ಪೂರ್ತಿ ಹೆಸರು ಹಾಕಿ. 403ಕ್ಕೆ `ಸಿಎಸ್‌ಆರ್‌ಎಫ್_ಟ್ರಸ್ಟೆಡ್_ಒರಿಜಿನ್ಸ್` (ಯಾವ ಸೈಟ್‌ನಿಂದ ಬಂದ ಫಾರ್ಮ್ ನಂಬಬಹುದು ಅನ್ನುವ ಪಟ್ಟಿ) ಬೇಕು. ಜಾಂಗೋ 4.0ರಿಂದ ಅದರಲ್ಲಿ `ಎಚ್‌ಟಿಟಿಪಿಎಸ್://` ಸಮೇತ ಬರೆಯಬೇಕು, ಬರೀ ಹೋಸ್ಟ್ ಹೆಸರು ನಡೆಯಲ್ಲ. ಟಿಎಲ್‌ಎಸ್ (ಎಚ್‌ಟಿಟಿಪಿಎಸ್‌ನ ಗೂಢಲಿಪಿ) ಕ್ಲೌಡ್ ರನ್‌ನ ಮುಂಭಾಗದಲ್ಲೇ ಬಿಚ್ಚಿಹೋಗುತ್ತೆ, ಕಂಟೇನರ್‌ಗೆ ಬರುವುದು ಸಾದಾ ಎಚ್‌ಟಿಟಿಪಿ. ಅದಕ್ಕೆ `ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್`ಗೆ ಎಕ್ಸ್-ಫಾರ್ವರ್ಡೆಡ್-ಪ್ರೋಟೊ ಹೆಡರ್ ಕೊಡಿ. ಇದಿಲ್ಲದೆ ಎಸ್‌ಎಸ್‌ಎಲ್ ರಿಡೈರೆಕ್ಟ್ ಆನ್ ಮಾಡಿದರೆ ಬ್ರೌಸರ್ ಸುತ್ತಿ ಸುತ್ತಿ ‘ಟೂ ಮೆನಿ ರಿಡೈರೆಕ್ಟ್ಸ್’ ಅಂತ ಕೈಚೆಲ್ಲುತ್ತೆ.

ಲಾಗ್_ಮೊದಲು

403 ಜಾಂಗೋದ್ದಾ ಕ್ಲೌಡ್ ರನ್‌ದಾ ಅಂತ ಪುಟ ನೋಡಿಯೇ ಹೇಳಬಹುದು. ‘ಸಿಎಸ್‌ಆರ್‌ಎಫ್ ವೆರಿಫಿಕೇಶನ್ ಫೇಲ್ಡ್’ ಇದ್ದರೆ ಜಾಂಗೋ. ಮುಖಪುಟವೂ ಸೇರಿ ಎಲ್ಲಕ್ಕೂ 403 ಬಂದು, ಆಪ್ ಲಾಗ್‌ನಲ್ಲಿ ಏನೂ ಇಲ್ಲದಿದ್ದರೆ ಆಲ್‌ಯೂಸರ್ಸ್‌ಗೆ (ಅಂದರೆ ಎಲ್ಲರಿಗೂ) ಸರ್ವಿಸ್ ತೆರೆಯುವ ಇನ್ವೋಕರ್ ರೋಲ್ ಕೊಟ್ಟಿಲ್ಲ.

ಇಷ್ಟು ಹೊತ್ತಿಗೆ ಡೇಟಾಬೇಸ್ ಲೆಕ್ಕವನ್ನೂ ಮುಗಿಸಿಬಿಡಿ. ಯಾವ ಸೈಜ್ ತಗೊಂಡಿದ್ದೀರಿ?

ತುಂಗಾತೀರ

ಎಲ್ಲಕ್ಕಿಂತ ಅಗ್ಗದ್ದು, ಡಿಬಿ-ಎಫ್1-ಮೈಕ್ರೋ. ಮ್ಯಾಕ್ಸ್ ಇನ್‌ಸ್ಟೆನ್ಸ್ 10 ಇಟ್ಟಿದ್ದೇನೆ.

ಲಾಗ್_ಮೊದಲು

ಅದಕ್ಕೆ ಪೋಸ್ಟ್‌ಗ್ರೆಸ್ ಡಿಫಾಲ್ಟ್ ಕನೆಕ್ಷನ್ ಮಿತಿ 25. ಅದರಲ್ಲೂ ಕೆಲವು ಸೂಪರ್‌ಯೂಸರ್‌ಗೆ ಮೀಸಲು. ನಿಮ್ಮದು ಒಂದು ವರ್ಕರ್, 8 ಥ್ರೆಡ್, ಥ್ರೆಡ್‌ಗೊಂದು ಕನೆಕ್ಷನ್. ಹತ್ತು ಇನ್‌ಸ್ಟೆನ್ಸ್ ಎದ್ದರೆ 80. ಫಲಿತಾಂಶದ ದಿನ ಎಲ್ಲ ಶಾಲೆಯವರೂ ಒಟ್ಟಿಗೆ ಬಂದಾಗ ‘ರಿಮೇನಿಂಗ್ ಕನೆಕ್ಷನ್ ಸ್ಲಾಟ್ಸ್ ಆರ್ ರಿಸರ್ವ್ಡ್’ ಅಂತ ಶುರುವಾಗುತ್ತೆ. ಮೂರಿಟ್ಟರೂ 24, ಉಸಿರಾಡಲು ಜಾಗ ಇಲ್ಲ. ಮ್ಯಾಕ್ಸ್ 2 ಇಡಿ, 16 ಆಗುತ್ತೆ, ಮೈಗ್ರೇಟ್ ಜಾಬ್‌ಗೂ ಜಾಗ ಉಳಿಯುತ್ತೆ. ಹೆಚ್ಚು ಬೇಕಾದರೆ ಡೇಟಾಬೇಸ್ ದೊಡ್ಡದು ಮಾಡಿ, ಇನ್‌ಸ್ಟೆನ್ಸ್ ಅಲ್ಲ.

ಕನ್‌ಕರೆನ್ಸಿಯ (ಒಂದು ಇನ್‌ಸ್ಟೆನ್ಸ್‌ಗೆ ಒಟ್ಟಿಗೆ ಕಳಿಸುವ ರಿಕ್ವೆಸ್ಟ್‌ಗಳ ಮಿತಿ) ಡಿಫಾಲ್ಟ್ 80. ಎಂಟು ಥ್ರೆಡ್‌ಗೆ ಎಂಬತ್ತು ರಿಕ್ವೆಸ್ಟ್ ಕಳಿಸಿದರೆ ಉಳಿದವು ಗುನಿಕಾರ್ನ್ ಬಾಗಿಲಲ್ಲಿ ಸಾಲು ನಿಲ್ಲುತ್ತವೆ. ಪಿಡಿಎಫ್ ಮಾಡುವ ಆಪ್‌ಗೆ `--ಕನ್‌ಕರೆನ್ಸಿ 8` ಸಾಕು.

ತುಂಗಾತೀರ

ಎಲ್ಲ ಹಾಕಿದೆ, ಲಾಗಿನ್, ಅಡ್ಮಿನ್ ಎರಡೂ ಸರಿ. ಪಿಡಿಎಫ್ ಮಾತ್ರ ಬಾಕಿ: ಕನ್ನಡ ಇರುವ ಕಡೆಯೆಲ್ಲ ಚೌಕ ಚೌಕ ಡಬ್ಬಿ. ವೀಸಿಪ್ರಿಂಟ್ (ಎಚ್‌ಟಿಎಂಎಲ್‌ನಿಂದ ಪಿಡಿಎಫ್ ಮಾಡುವ ಲೈಬ್ರರಿ) ಬಳಸಿದ್ದೇನೆ.

ಎಸ್‌ಆರ್‌ಇ_ಅಕ್ಕ

ಡಬ್ಬಿ ಅಂದರೆ ಫಾಂಟ್ ಇಲ್ಲ. ಸ್ಲಿಮ್ ಇಮೇಜ್‌ನಲ್ಲಿ ಕನ್ನಡ ಫಾಂಟ್ ಬರಲ್ಲ. ಆಪ್ಟ್‌ನಲ್ಲಿ `ಫಾಂಟ್ಸ್-ಲೋಹಿತ್-ಕೆಎನ್‌ಡಿಎ` ಹಾಕಿ, ಚಿಕ್ಕದು. ನೋಟೋ ಬೇಕಾದರೆ `ಫಾಂಟ್ಸ್-ನೋಟೋ-ಕೋರ್`, ಆದರೆ ಅದು ಹತ್ತಾರು ಲಿಪಿಗಳನ್ನು ಹೊತ್ತು ತರುತ್ತೆ. ಇಮೇಜ್ ಹಗುರವಾಗಿರಬೇಕಾದರೆ ನೋಟೋ ಸಾನ್ಸ್ ಕನ್ನಡದ ಟಿಟಿಎಫ್ ಒಂದನ್ನೇ `/ಯುಎಸ್‌ಆರ್/ಶೇರ್/ಫಾಂಟ್ಸ್`ಗೆ ಕಾಪಿ ಮಾಡಿ. ನಂತರ ಕಂಟೇನರ್ ಒಳಗೆ `ಎಫ್‌ಸಿ-ಲಿಸ್ಟ್ :ಲ್ಯಾಂಗ್=ಕೆಎನ್` ಕೊಟ್ಟರೆ ಅದರ ಹೆಸರು ಕಾಣಬೇಕು. ಅಲ್ಲಿ ಕಾಣುವ ಹೆಸರನ್ನೇ ಸಿಎಸ್‌ಎಸ್‌ನ ಫಾಂಟ್-ಫ್ಯಾಮಿಲಿಯಲ್ಲಿ ಬರೆಯಿರಿ.

ಡಬ್ಬಿ ಬೇರೆ, ಒತ್ತಕ್ಷರ ಒಡೆಯುವುದು ಬೇರೆ. ‘ಪ್ರಮಾಣಪತ್ರ’ದಲ್ಲಿ ಪ ಮತ್ತು ರ ಬಿಡಿಬಿಡಿಯಾಗಿ ಮಧ್ಯೆ ಹಲಂತ ಕಂಡರೆ ಫಾಂಟ್ ಇದೆ, ಅಕ್ಷರ ಜೋಡಿಸುವ ಶೇಪಿಂಗ್ ನಡೆದಿಲ್ಲ ಅಂತ ಅರ್ಥ. ವೀಸಿಪ್ರಿಂಟ್ ಆ ಕೆಲಸಕ್ಕೆ ಪ್ಯಾಂಗೋ ಮತ್ತು ಹಾರ್ಫ್‌ಬಜ್ ಲೈಬ್ರರಿ ಬಳಸುವುದರಿಂದ ಅದು ನಿಮಗೆ ಬರಬಾರದು.

ಕಂಟೇನರ್_ಕಾಕಾ

ಪಿಡಿಎಫ್ ದೊಡ್ಡದಿದ್ರ ಮೆಮೊರಿ ಕಡೆ ಲಕ್ಷ್ಯ ಇರ್ಲಿ. ಡಿಫಾಲ್ಟ್ 512 ಎಂಐಬಿ, ಮತ್ತ ಕಂಟೇನರ್ ಒಳಗ `/ಟಿಎಂಪಿ`ಗೆ ಬರೆದ ಫೈಲ್ ಸುದ್ದಾ ಅದ ಮೆಮೊರಿಯೊಳಗ ಕುಂದರತೈತಿ. ಅಳಿಸದಿದ್ರ ತುಂಬಕೋಂತ ಹೋಗಿ ಒಂದಿನ 137. ಫೈಲ್ ಬರೀದ ಬೈಟ್ಸ್‌ಐಒದಾಗ (ಪೈಥಾನ್‌ನ ಮೆಮೊರಿ ಬಫರ್) ಮಾಡಿ ನೇರ ಕಳಿಸ್ರಿ, ಇಟ್ಟುಕೊಳ್ಳೋದಿದ್ರ ಕ್ಲೌಡ್ ಸ್ಟೋರೇಜ್ ಬಕೆಟ್ಟಿಗೆ ಹಾಕ್ರಿ. ಮೆಮೊರಿ 1 ಜಿಐಬಿ ಮಾಡ್ರಿ.

ತುಂಗಾತೀರ

ಲೋಹಿತ್ ಹಾಕಿದ ಮೇಲೆ ಕನ್ನಡ ಸರಿಯಾಗಿ ಬರ್ತಿದೆ. ಲಾಗ್‌ನಲ್ಲಿ ಪ್ರತಿ ಪಿಡಿಎಫ್‌ಗೆ `ಫಾಂಟ್‌ಕಾನ್ಫಿಗ್ ಎರರ್: ನೋ ರೈಟಬಲ್ ಕ್ಯಾಶ್ ಡೈರೆಕ್ಟರೀಸ್` ಅಂತ ಬರುತ್ತೆ. ಬಿಡಬಹುದಾ?

ಕಡಲಕರೆ

ಬಿಡಬೇಡಿ. ರೂಟ್ ಅಲ್ಲದ ಯೂಸರ್‌ನಲ್ಲಿ ಓಡಿಸ್ತಿದ್ದೀರಿ, ಅದು ಒಳ್ಳೆಯದೇ, ಆದರೆ ಆ ಯೂಸರ್‌ಗೆ ಬರೆಯಲು ಹೋಮ್ ಇಲ್ಲ. ಕ್ಯಾಶ್ ಇಲ್ಲದಿದ್ದರೆ ಫಾಂಟ್‌ಗಳನ್ನು ಪುನಃ ಪುನಃ ಹುಡುಕುತ್ತಾ ಕೂರ್ತದೆ. ಡಾಕರ್‌ಫೈಲ್‌ನಲ್ಲಿ ಫಾಂಟ್ ಹಾಕಿದ ಸಾಲಿನ ನಂತರ, `ಯೂಸರ್` ಸಾಲಿನ ಮೊದಲು, `ರನ್ ಎಫ್‌ಸಿ-ಕ್ಯಾಶ್ -ಎಫ್` ಸೇರಿಸಿ. ಜೊತೆಗೆ ಎನ್ವಿರಾನ್‌ಮೆಂಟ್‌ನಲ್ಲಿ `ಎಕ್ಸ್‌ಡಿಜಿ_ಕ್ಯಾಶ್_ಹೋಮ್=/ಟಿಎಂಪಿ`. ಎಫ್‌ಸಿ-ಕ್ಯಾಶ್ ಕಮಾಂಡೇ ಇಲ್ಲ ಅಂದರೆ `ಫಾಂಟ್‌ಕಾನ್ಫಿಗ್` ಪ್ಯಾಕೇಜನ್ನು ಆಪ್ಟ್ ಸಾಲಿಗೆ ಸೇರಿಸಬೇಕು, ಆಯ್ತಾ? ಲೈಬ್ರರಿ ಮಾತ್ರ ಬಂದಿರ್ತದೆ, ಕಮಾಂಡ್ ಬಂದಿರುವುದಿಲ್ಲ.